ವಾರ್ಹೋಲ್‌ನ ಹುಲಿ: ಮೊದಲು ಅಂಚು, ಆಮೇಲೆ ಸಹಿ

ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್‌ನ ‘ಸೈಬೀರಿಯನ್ ಟೈಗರ್’ ಪ್ರಿಂಟು ಕೊಳ್ಳಲು ಹೊರಟವರ ಕಣ್ಣು ನೇರ ಪೆನ್ಸಿಲ್ ಸಹಿಯತ್ತ ಹೋಗುತ್ತದೆ. ಮೊದಲು ನೋಡಬೇಕಾದದ್ದು ಹಾಳೆಯ ಅಂಚನ್ನು. ಅದಕ್ಕೆ ಪ್ರಿಂಟು ಫ್ರೇಮಿನಿಂದ ಹೊರಬರಲೇಬೇಕು. ‘ಫ್ರೇಮ್ ಬಿಚ್ಚಲಾಗದು’ ಎಂದು ಮಾರುವವರು ಹೇಳಿದರೆ ಮಾತುಕತೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಈ ಹುಲಿ ಸೇರಿದ, ಅಳಿವಿನಂಚಿನ ಜೀವಿಗಳ ಸರಣಿಯನ್ನು ನ್ಯೂಯಾರ್ಕಿನ ರೊನಾಲ್ಡ್ ಫೆಲ್ಡ್‌ಮನ್ ಫೈನ್ ಆರ್ಟ್ಸ್ 1983ರಲ್ಲಿ ಪ್ರಕಟಿಸಿತು. ಅಚ್ಚು ಹಾಕಿದವರು ರೂಪರ್ಟ್ ಜೇಸನ್ ಸ್ಮಿತ್. ಒಟ್ಟು ಹತ್ತು ಚಿತ್ರ. ಆನೆಗೂ ಒಂದೇ ಅಳತೆ, ಚಿಟ್ಟೆಗೂ ಒಂದೇ ಅಳತೆ: 38 ಇಂಚು ಉದ್ದ, 38 ಇಂಚು ಅಗಲ. ಅಂಗೈಯಲ್ಲಿ ಕೂರುವ ಮರಗಪ್ಪೆಗೆ ಘೇಂಡಾಮೃಗದಷ್ಟೇ ಜಾಗ ಕೊಟ್ಟದ್ದು ಈ ಸರಣಿಯ ದೊಡ್ಡತನ. ಪ್ರತಿ ಚಿತ್ರಕ್ಕೆ 150 ಪ್ರತಿ, ಅದರ ಹೊರಗೆ ಕಲಾವಿದನ ಪ್ರತಿಗಳು 30. ಬಣ್ಣ ಬದಲಿಸಿ ತೆಗೆದ ಟ್ರಯಲ್ ಪ್ರೂಫ್‌ಗಳು ಬೇರೆ. ಹಾಗಾಗಿ ಪುಸ್ತಕದ ಚಿತ್ರಕ್ಕಿಂತ ಬಣ್ಣ ಬೇರೆಯಿದೆ ಎಂದ ಮಾತ್ರಕ್ಕೆ ನಕಲಿ ಎನ್ನುವಂತಿಲ್ಲ. ಆದರೆ ಆಗ ಸಂಖ್ಯೆಯ ಜೊತೆ ‘ಟಿಪಿ’ ಎಂದು ಇರಬೇಕು.

ಈಗ ಅಂಚು. ಈ ಸರಣಿಯಲ್ಲಿ ಸುತ್ತ ಬಿಳಿ ಜಾಗವಿಲ್ಲ, ಬಣ್ಣ ಹಾಳೆಯ ತುದಿಯವರೆಗೂ ಹರಿದಿದೆ. ಹಾಳೆ ದಪ್ಪನೆಯ ಲೆನಾಕ್ಸ್ ಮ್ಯೂಸಿಯಂ ಬೋರ್ಡ್. ಮೂಲೆ ಜಜ್ಜಿದರೆ ಬಣ್ಣ ಚಕ್ಕೆಯೆದ್ದು ಒಳಗಿನ ಬಿಳಿ ಇಣುಕುತ್ತದೆ. ಅದನ್ನು ಮರೆಮಾಡಲು ಕೆಲವರು ಅಂಚನ್ನೇ ಕತ್ತರಿಸುತ್ತಾರೆ. ನಾಲ್ಕೂ ಬದಿಯನ್ನು ಟೇಪಿನಿಂದ ಅಳೆಯಿರಿ. ಒಂದು ಬದಿ ಕಾಲು ಇಂಚು ಕಡಿಮೆ ಬಂದರೂ ಕಾರಣ ಕೇಳಿ. ಫ್ರೇಮಿನ ತುಟಿಯಡಿ ಅಡಗಿದ್ದ ಪಟ್ಟಿಯ ಬಣ್ಣವನ್ನು ನಡುಭಾಗದ ಬಣ್ಣಕ್ಕೆ ಹೋಲಿಸಿ. ಅಂಚಿನಲ್ಲಿ ಗಾಢವಾಗಿ, ನಡುವೆ ಮಂಕಾಗಿ ಕಂಡರೆ ಹಾಳೆ ಬಿಸಿಲು ಕುಡಿದಿದೆ ಎಂದೇ ಅರ್ಥ. ಮಾಸಿದ ಬಣ್ಣವನ್ನು ಯಾವ ಸಂರಕ್ಷಕರೂ ಮರಳಿ ತರಲಾರರು.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ತಂತ್ರ ನಮ್ಮೂರಿನ ಮದುವೆ ಕಾರ್ಡಿನದೇ, ಸ್ಕ್ರೀನ್ ಪ್ರಿಂಟಿಂಗ್: ಬಿಗಿದ ಬಟ್ಟೆಯ ಚೌಕಟ್ಟು, ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಶಾಯಿ ಎಳೆಯುವುದು, ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್. ಆದ್ದರಿಂದ ಪ್ರತಿ ಬಣ್ಣವೂ ಇಡಿಯಾಗಿ, ಕಾಗದದ ಮೇಲೆ ಕೆನೆಪದರದಂತೆ ಕೂತಿರುತ್ತದೆ. ಟಾರ್ಚನ್ನು ಹಾಳೆಗೆ ಸಮಾನಾಂತರವಾಗಿ, ಪಕ್ಕದಿಂದ ಬಿಟ್ಟರೆ ಒಂದು ಬಣ್ಣ ಇನ್ನೊಂದರ ಮೇಲೇರುವ ಜಾಗದಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ಫೋಟೋ ಭಾಗದಲ್ಲಿ ಚುಕ್ಕಿಗಳಿದ್ದರೂ ಅವು ಒಂದೇ ಬಣ್ಣದವು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಹೂವಿನಂತೆ ಗುಂಪುಗೂಡಿದ್ದರೆ ಅದು ಆಫ್‌ಸೆಟ್ ಪೋಸ್ಟರ್. ಸಹಿ ಎಷ್ಟೇ ಚೆನ್ನಾಗಿರಲಿ, ಪಕ್ಕಕ್ಕಿಡಿ. ಪ್ರಾಣಿಯ ಸುತ್ತ ಸೀಮೆಸುಣ್ಣದಲ್ಲಿ ಗೀಚಿದಂಥ ಗೆರೆ ಫೋಟೋದ ಅಂಚಿಗೆ ಸರಿಯಾಗಿ ಕೂರದೆ ಜಾರಿದ್ದರೆ ಗಾಬರಿ ಬೇಡ, ಚಿತ್ರದ ಜೀವವೇ ಆ ಜಾರಿಕೆ.

ಸಹಿ, ಸಂಖ್ಯೆ ಎರಡೂ ಪೆನ್ಸಿಲಿನವು. ಬೆಳಕಿಗೆ ಓರೆ ಮಾಡಿದರೆ ಸೀಸ ಮಿನುಗಬೇಕು. ಹಿಂಬದಿಯಲ್ಲಿ ಪ್ರಕಾಶಕರ ಮುದ್ರೆ ಇದೆಯೇ ನೋಡಿ. ಹಿಂಬದಿಗೆ ಬೋರ್ಡ್ ಅಂಟಿಸಿಬಿಟ್ಟಿದ್ದರೆ ಮುದ್ರೆಯೂ ಮುಚ್ಚುತ್ತದೆ, ಬೆಲೆಯೂ ಬೀಳುತ್ತದೆ. ಫೆಲ್ಡ್‌ಮನ್–ಶೆಲ್ಮನ್ ಪಟ್ಟಿಯಲ್ಲಿ (ವಾರ್ಹೋಲ್ ಪ್ರಿಂಟುಗಳ ಸಮಗ್ರ ಸೂಚಿ) ಹುಲಿಯ ಸಂಖ್ಯೆ II.297. ಅಸಲಿಯೆಂದು ಮುದ್ರೆ ಒತ್ತಿಕೊಡುತ್ತಿದ್ದ ವಾರ್ಹೋಲ್ ಮಂಡಳಿ 2012ರಲ್ಲಿ ಮುಚ್ಚಿತು. ಅದರ ಹೊಸ ಪ್ರಮಾಣಪತ್ರ ತೋರಿಸಿದವರನ್ನು ನಂಬಬೇಡಿ. ಹಳೆಯ ಖರೀದಿ ರಸೀದಿಗಳ ಸರಪಳಿಯೇ ಆಧಾರ.

ಮನೆಗೆ ತಂದ ಮೇಲೆ ನಮ್ಮ ಮಳೆಗಾಲ ಇದೆಯಲ್ಲ! ಮಂಗಳೂರು, ಕಾರವಾರದ ಕಡೆ ಹೊರಗೋಡೆಗೆ ತೂಗುಹಾಕಲೇಬಾರದು. ಫ್ರೇಮಿನ ಹಿಂದಿನ ನಾಲ್ಕು ಮೂಲೆಗೆ ಅರ್ಧ ಇಂಚಿನ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಹಾರ್ಡ್‌ಬೋರ್ಡ್ ಬೇಡ, ಆಮ್ಲರಹಿತ ಬೋರ್ಡೇ ಕೇಳಿ. ತುದಿಯವರೆಗೂ ಬಣ್ಣವಿರುವುದರಿಂದ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು) ಅಂಚನ್ನು ಮುಚ್ಚಬಾರದು: ಹಾಳೆಯನ್ನು ಹಿಂದಿನಿಂದ ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಲ್ಲಿ ಹಿಡಿಸಿ, ಗಾಜು ಶಾಯಿಗೆ ತಾಗದಂತೆ ಅಂಚಿನಲ್ಲಿ ಅಂತರಪಟ್ಟಿ ಕೂರಿಸಬೇಕು. ಪಟ್ಟಿ ಇಲ್ಲದಿದ್ದರೆ ಒಂದೆರಡು ಆಷಾಢ ಕಳೆಯುವುದರಲ್ಲಿ ಶಾಯಿ ಗಾಜಿಗೆ ಕಚ್ಚಿಕೊಳ್ಳಬಹುದು. ಹಾಗೆ ಕಚ್ಚಿದ್ದರೆ ನೀವೇ ಎಳೆದು ಬಿಡಿಸಲು ಹೋಗದೆ, ಗಾಜಿನ ಸಮೇತ ಕಾಗದ ಸಂರಕ್ಷಕರ ಬಳಿಗೆ ಒಯ್ಯಿರಿ.