ಗೋಧಿ ಹೊಲ ಕಾಡಾದಾಗ: ಮನುಷ್ಯರಿಲ್ಲದ ಭೂಮಿಯ ಹಳೇ ಲೆಕ್ಕ

1882ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಬೇಸಾಯ ಸಂಶೋಧನಾ ಕೇಂದ್ರದಲ್ಲಿ ಅದರ ಸ್ಥಾಪಕ ಜಾನ್ ಬೆನೆಟ್ ಲಾಸ್ ಅವರು ಬೆಳೆದು ನಿಂತ ಗೋಧಿಯ ಒಂದು ಪಟ್ಟಿಯನ್ನು ಕೊಯ್ಯದೆ ಬಿಟ್ಟರು. ಸುಮಾರು ಅರ್ಧ ಎಕರೆ. ಆಮೇಲೆ ಅಲ್ಲಿ ಉಳಲಿಲ್ಲ, ಬಿತ್ತಲಿಲ್ಲ, ಕಳೆ ಕೀಳಲಿಲ್ಲ. ಗೋಧಿ ತನ್ನಷ್ಟಕ್ಕೆ ತಾನು ಎಷ್ಟು ವರ್ಷ ಬಾಳುತ್ತದೆ ಅನ್ನುವುದೇ ಪ್ರಶ್ನೆ. ಅದು ಬಾಳಿದ್ದು ನಾಲ್ಕು ವರ್ಷ. 1886ರಲ್ಲಿ ಸಿಕ್ಕಿದ್ದು ಬಡಕಲಾದ ನಾಲ್ಕಾರು ಗಿಡಗಳು. ಅವು ಗೋಧಿ ಅಂತ ಹೇಳುವುದೂ ಕಷ್ಟವಿತ್ತು. ಆ ಪಟ್ಟಿಯ ಒಂದು ಭಾಗವನ್ನು ಇವತ್ತಿಗೂ ಯಾರೂ ಮುಟ್ಟಿಲ್ಲ. ಈಗ ಅಲ್ಲಿ ದೊಡ್ಡ ಮರಗಳ ಕಾಡಿದೆ.

ಮನುಷ್ಯರೆಲ್ಲ ಒಮ್ಮೆಗೇ ಮಾಯವಾದರೆ ಏನಾಗುತ್ತದೆ ಅಂತ ಕೇಳಿದರೆ, ಬಳ್ಳಿ ಸುತ್ತಿಕೊಂಡ ಗಗನಚುಂಬಿಗಳೇ ಕಣ್ಣಮುಂದೆ ಬರುತ್ತವೆ. ಆದರೆ ಮೊದಲು ಸೋಲುವುದು ಕಟ್ಟಡವಲ್ಲ, ನಾವು ಸಾಕಿದ ಬೆಳೆ.

ಕಟ್ಟಡದ ಕಥೆ ಬೇರೆ. ಅದಕ್ಕೆ ದೊಡ್ಡ ಶತ್ರು ನೀರು. ಬಿರುಕಿಗೆ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಬಿರುಕು ಅಗಲವಾಗುತ್ತದೆ. ಚಳಿಯಿಲ್ಲದ ಕಡೆ ಆ ಕೆಲಸವನ್ನು ಬೇರು ಮಾಡುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಕಂಬಿ ತುಕ್ಕು ಹಿಡಿದು ಊದಿಕೊಂಡು ಒಳಗಿನಿಂದಲೇ ಸೀಳುತ್ತದೆ. ರೋಮನ್ನರ ಕಾಂಕ್ರೀಟಿನಲ್ಲಿ ಕಬ್ಬಿಣವಿರಲಿಲ್ಲ. ಅದು ಇಷ್ಟು ಕಾಲ ನಿಂತಿರುವುದಕ್ಕೆ ಇದೂ ಒಂದು ಕಾರಣ. ಹಾಗಂತ ಗಿಡಗಳು ಅದನ್ನೂ ಬಿಟ್ಟಿರಲಿಲ್ಲ. 1855ರಲ್ಲಿ ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯರು ರೋಮ್‌ನ ಕೊಲೋಸಿಯಂ ಒಂದರಲ್ಲೇ 420 ಜಾತಿಯ ಗಿಡಗಳನ್ನು ಪಟ್ಟಿ ಮಾಡಿದ್ದರು. 1870ರ ದಶಕದಲ್ಲಿ ಅವನ್ನೆಲ್ಲ ಕಿತ್ತು ಗೋಡೆ ಸ್ವಚ್ಛ ಮಾಡಿದರು.

ಇಂದಿನ ನಗರ ಅಷ್ಟು ನಿಧಾನವಾಗಿ ಬೀಳುವುದಿಲ್ಲ. ನ್ಯೂಯಾರ್ಕಿನ ಸುರಂಗ ರೈಲು ಮಾರ್ಗದಿಂದ ಮಳೆಯಿಲ್ಲದ ದಿನವೂ ಸುಮಾರು 5 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ ಹೊರಹಾಕಬೇಕು. ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ, ಅಲ್ವಾ?

ಖಾಲಿ ನೆಲಕ್ಕೆ ಜೀವ ಮರಳುವುದನ್ನು ವಿಜ್ಞಾನ ಕಣ್ಣಾರೆ ಕಂಡದ್ದು ಇಂಡೋನೇಷ್ಯಾದ ಕ್ರಕಟೋವ ದ್ವೀಪದಲ್ಲಿ. 1883ರ ಜ್ವಾಲಾಮುಖಿ ಆ ದ್ವೀಪವನ್ನು ಸುಟ್ಟು ಬೂದಿಯಲ್ಲಿ ಹೂತುಹಾಕಿತ್ತು. ಮರುವರ್ಷ ಹೋದವರಿಗೆ ಕಂಡದ್ದು ಒಂದೇ ಒಂದು ಪುಟ್ಟ ಜೇಡ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಕಾಡಿತ್ತು. ಇಂಥ ಮರಳುವಿಕೆಗೆ ಗೊತ್ತಾದ ಮೆಟ್ಟಿಲುಗಳಿವೆ, ಕೊನೆಗೆ ಆ ಹವಾಮಾನಕ್ಕೆ ತಕ್ಕ ಒಂದೇ ಬಗೆಯ ಕಾಡು ನಿಲ್ಲುತ್ತದೆ ಅಂತ ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ವಾದಿಸಿದರು. ಹಾಗೇನಿಲ್ಲ, ಯಾವ ಬೀಜ ಎಲ್ಲಿಂದ ಬಂದು ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂತ 1926ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಹೆನ್ರಿ ಗ್ಲೀಸನ್ ಹೇಳಿದರು. ಅವರ ಮಾತಿಗೆ ಬಹಳ ಕಾಲ ಯಾರೂ ಕಿವಿಗೊಡಲಿಲ್ಲ. ನನಗಂತೂ ಮುಂದಿನ ಸಾಕ್ಷ್ಯಗಳೆಲ್ಲ ಗ್ಲೀಸನ್ ಕಡೆಗೇ ವಾಲಿದಂತೆ ಕಾಣುತ್ತವೆ.

ಚೆರ್ನೋಬಿಲ್ ಎಲ್ಲರಿಗೂ ಗೊತ್ತು. 1986ರ ಏಪ್ರಿಲ್‌ನಲ್ಲಿ ಅಣುಸ್ಥಾವರ ಸಿಡಿದ ಮೇಲೆ ಜನ ಊರು ಬಿಟ್ಟರು. ಅಲ್ಲಿನ ಬೆಲಾರುಸ್ ಭಾಗದ ಬಗ್ಗೆ 2015ರಲ್ಲಿ ಬಂದ ಅಧ್ಯಯನದ ಪ್ರಕಾರ ಜಿಂಕೆ, ಕಾಡುಹಂದಿಗಳು ಆ ಪ್ರದೇಶದ ಸಂರಕ್ಷಿತ ಕಾಡುಗಳಲ್ಲಿ ಇರುವಷ್ಟೇ ಇದ್ದವು, ತೋಳಗಳು ಏಳು ಪಟ್ಟಿಗೂ ಜಾಸ್ತಿ. ವಿಕಿರಣದಿಂದ ಹಕ್ಕಿ, ಕೀಟಗಳಿಗೆ ಎಷ್ಟು ಪೆಟ್ಟು ಬಿದ್ದಿದೆ ಅನ್ನುವ ಜಗಳ ಮಾತ್ರ ವಿಜ್ಞಾನಿಗಳಲ್ಲಿ ಮುಗಿದಿಲ್ಲ. ಆದರೂ ದೊಡ್ಡ ಪ್ರಾಣಿಗಳ ವಿಷಯದಲ್ಲಿ ವಿಕಿರಣಕ್ಕಿಂತ ಮನುಷ್ಯನ ಬೇಟೆ, ಬೇಸಾಯವೇ ಹೆಚ್ಚು ಕಾಟ ಅನ್ನುವ ಹಾಗಿದೆ.

ಮರಳಿ ಬರುವುದು ಹಳೆಯ ಕಾಡೇನಾ? ಇಲ್ಲೇ ಇರುವುದು ಎಡವಟ್ಟು. ಅಮೆರಿಕದ ಮಿನೆಸೋಟದಲ್ಲಿ ಬೇಸಾಯ ಬಿಟ್ಟ ಹೊಲಗಳನ್ನು ಸೀಡರ್ ಕ್ರೀಕ್ ಕೇಂದ್ರದವರು ದಶಕಗಟ್ಟಲೆ ಅಳೆದಿದ್ದಾರೆ. 91 ವರ್ಷ ಕಳೆದರೂ ಅಲ್ಲಿ ಮರಳಿದ್ದು, ಎಂದೂ ಉಳದ ನೆಲದಲ್ಲಿರುವ ಸಸ್ಯವೈವಿಧ್ಯದ ಮುಕ್ಕಾಲು ಪಾಲಿನಷ್ಟು ಮಾತ್ರ. ಫ್ರಾನ್ಸಿನಲ್ಲಿ ಇದಕ್ಕಿಂತ ವಿಚಿತ್ರವಾದದ್ದು ಸಿಕ್ಕಿತು. ರೋಮನ್ನರ ಕಾಲದಲ್ಲಿ ಉತ್ತು, ಆಮೇಲೆ ಬಿಟ್ಟುಹೋದ ಹೊಲಗಳ ಮೇಲೆ ಕಾಡು ಬೆಳೆದಿದೆ. ಸುಮಾರು 2000 ವರ್ಷ ಕಳೆದರೂ ಆ ಮಣ್ಣಿನಲ್ಲಿ ರಂಜಕ ಹೆಚ್ಚಿದೆ, ಮೇಲೆ ಬೆಳೆಯುವ ಗಿಡಗಳ ಬಗೆಯೂ ಸುತ್ತಲಿನ ಕಾಡಿಗಿಂತ ಬೇರೆಯಾಗಿದೆ. ಆ ರೈತರ ಬಳಿ ಇದ್ದದ್ದು ನೇಗಿಲು, ತಿಪ್ಪೆಗೊಬ್ಬರ ಅಷ್ಟೇ.

ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ್ದು ಇನ್ನೊಂದು ರೀತಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನ ಜೊತೆ ಕಂದು ಮರಹಾವು ಅಲ್ಲಿಗೆ ಬಂತು. ಅಲ್ಲಿನ ಕಾಡುಹಕ್ಕಿಗಳಲ್ಲಿ ಹೆಚ್ಚಿನವನ್ನು ಅದು ಮುಗಿಸಿತು. ಬೀಜ ಹರಡುವ ಹಕ್ಕಿಗಳಿಲ್ಲದೆ ಹೊಸ ಮರ ಹುಟ್ಟುವುದೂ ಕಡಿಮೆಯಾಗಿದೆ. ಈಗ ಅಲ್ಲಿ ಬಲೆ ಹಾಕಿ, ನಾಯಿಗಳಿಂದ ಸರಕು ಮೂಸಿಸಿ, ಹಾವು ಬೇರೆ ದ್ವೀಪಕ್ಕೆ ಹೋಗದಂತೆ ತಡೆಯುತ್ತಾರೆ. ಮನುಷ್ಯರು ಇಲ್ಲವಾದರೆ ಹಡಗು, ವಿಮಾನಗಳೂ ಇಲ್ಲ. ಹಾಗಾಗಿ ಪಕ್ಕದ ದ್ವೀಪಗಳು ಉಳಿದುಕೊಳ್ಳುತ್ತವೆ, ಗ್ವಾಮ್ ಮಾತ್ರ ಹಾವಿನ ಪಾಲಾಗಿಯೇ ಇರುತ್ತದೆ.