ವಿಶ್ವವಿದ್ಯಾಲಯದ ಫೀಸು ರದ್ದಾದರೆ ಬಡವರ ಮಕ್ಕಳಿಗೆ ಸೀಟು ಸಿಗುತ್ತದೆಯೇ?

ಓದುಗರ ಪ್ರಶ್ನೆ: ಶಾಲೆಯ ಓದು ಉಚಿತ ಎಂದಮೇಲೆ ವಿಶ್ವವಿದ್ಯಾಲಯದ ಓದನ್ನೂ ಸರ್ಕಾರಗಳು ಎಲ್ಲರಿಗೂ ಉಚಿತ ಮಾಡಬಾರದೇಕೆ? ಬಡವರ ಮಕ್ಕಳು ಮೇಲೆ ಬರಲು ಇದಕ್ಕಿಂತ ನೇರವಾದ ದಾರಿ ಬೇರೆ ಇದೆಯೇ?

ಉತ್ತರ: ಇದೆ. ಅದು ಘೋಷಣೆಯ ಹಾಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಹಾಗಾಗಿ ಚುನಾವಣೆಯ ಹೊತ್ತಿಗೆ ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ದುಡ್ಡಿಲ್ಲ ಎಂಬ ಕಾರಣಕ್ಕೆ ಯಾವ ವಿದ್ಯಾರ್ಥಿಯೂ ಹಿಂದೆ ಸರಿಯುವಂತಾಗಬಾರದು. ಇದನ್ನು ಒಪ್ಪಿಕೊಂಡೂ, 'ಎಲ್ಲರಿಗೂ ಉಚಿತ' ಎಂಬುದು ಸರ್ಕಾರ ಕೈಹಾಕಬೇಕಾದ ಮೊದಲ ಕೆಲಸ ಅಲ್ಲ ಎಂದೇ ನನಗೆ ಅನಿಸುತ್ತದೆ.

ಫೀಸು ರದ್ದಾದರೆ ಖರ್ಚು ಮಾಯವಾಗುವುದಿಲ್ಲ, ವಿದ್ಯಾರ್ಥಿಯ ಬದಲು ಖಜಾನೆ ಕೊಡುತ್ತದೆ. ಆ ಖಜಾನೆ ತುಂಬುವವರಲ್ಲಿ ಕಾಲೇಜಿನ ಮುಖವನ್ನೇ ನೋಡದ ಬಸ್ ಚಾಲಕರೂ ಗಾರೆ ಕೆಲಸದವರೂ ಇದ್ದಾರೆ. ಸಾಮಾನು ಕೊಂಡಾಗಲೆಲ್ಲ ಅವರೂ ತೆರಿಗೆ ಕಟ್ಟುತ್ತಾರೆ. ಶಾಲೆಗಾದರೆ ಎಲ್ಲರ ಮಕ್ಕಳೂ ಹೋಗುತ್ತಾರೆ, ಆದ್ದರಿಂದ ಅಲ್ಲಿ ತಕರಾರಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗುವವರು ಕೆಲವರು. ಅವರಿಂದ ಸಮಾಜಕ್ಕೆ ವೈದ್ಯರು, ಮೇಷ್ಟ್ರುಗಳು ಸಿಗುತ್ತಾರೆ, ನಿಜ. ಆದರೆ ಪದವಿ ತಂದುಕೊಡುವ ಹೆಚ್ಚಿನ ಸಂಬಳ ಪದವೀಧರರ ಕಿಸೆಗೇ ಹೋಗುತ್ತದೆ.

ಆ ಕೆಲವರು ಯಾರು ಎಂಬಲ್ಲಿ ಎಲ್ಲವೂ ನಿಂತಿದೆ. ಬ್ರೆಜಿಲ್ ನೋಡಿ. ಅಲ್ಲಿನ 1988ರ ಸಂವಿಧಾನದ ಪ್ರಕಾರ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ಕೇಳುವಂತಿಲ್ಲ. ದೇಶದಲ್ಲಿ ಹೆಚ್ಚು ಹೆಸರು ಮಾಡಿದ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಸರ್ಕಾರಿಯವೇ. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಬಲು ಕಠಿಣ. ಅದಕ್ಕೆ ಮಕ್ಕಳನ್ನು ಚೆನ್ನಾಗಿ ತಯಾರು ಮಾಡುತ್ತಿದ್ದುದು ಖಾಸಗಿ ಶಾಲೆಗಳು, ಅವುಗಳ ಮೇಲೆ ಕೋಚಿಂಗ್. ಹೀಗಾಗಿ ಶಾಲೆಗೆ ವರ್ಷಗಟ್ಟಲೆ ದುಡ್ಡು ಸುರಿಯಬಲ್ಲ ಮನೆಯ ಮಕ್ಕಳು ವೈದ್ಯಕೀಯದಂಥ ಸೀಟುಗಳನ್ನು ಪುಕ್ಕಟೆಯಾಗಿ ಪಡೆದರು. ಸರ್ಕಾರಿ ಶಾಲೆಯಲ್ಲಿ ಪುಕ್ಕಟೆ ಓದಿದವರಲ್ಲಿ ಅನೇಕರು ಮುಂದಕ್ಕೆ ಓದಬೇಕೆಂದರೆ ಖಾಸಗಿ ಕಾಲೇಜಿಗೆ ಫೀಸು ಕಟ್ಟಬೇಕಾಯಿತು. ಇದು ದೊಡ್ಡ ಮಟ್ಟದಲ್ಲಿ ಬದಲಾದದ್ದು 2012ರ ಕಾನೂನಿನಿಂದ. ಒಕ್ಕೂಟ ಸರ್ಕಾರದ ವಿಶ್ವವಿದ್ಯಾಲಯಗಳ ಅರ್ಧದಷ್ಟು ಸೀಟು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಮೀಸಲಾಯಿತು. ಅದರೊಳಗೆ ಕಡಿಮೆ ಆದಾಯದ ಮನೆಗಳಿಗೂ ಕಪ್ಪು, ಮಿಶ್ರವರ್ಣೀಯ ಮತ್ತು ಮೂಲನಿವಾಸಿ ಸಮುದಾಯಗಳಿಗೂ ಪಾಲು ಸಿಕ್ಕಿತು. ಕಾನೂನಿನ ಮೊದಲೂ ಫೀಸು ಸೊನ್ನೆ, ಆಮೇಲೂ ಸೊನ್ನೆ. ತರಗತಿಯಲ್ಲಿ ಕೂತವರು ಬದಲಾದದ್ದು ಸೀಟು ಹಂಚುವ ರೀತಿ ಬದಲಾದದ್ದರಿಂದ.

ಜರ್ಮನಿಯ ಉದಾಹರಣೆಯನ್ನು ಉಚಿತದ ಪರವಾದವರು ತಪ್ಪದೇ ತರುತ್ತಾರೆ. 2005ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ದಾರಿ ತೆರೆದ ಮೇಲೆ ಏಳು ರಾಜ್ಯಗಳು ಸೆಮಿಸ್ಟರಿಗೆ 500 ಯೂರೊದಷ್ಟು ಶುಲ್ಕ ಹಾಕಿದವು. ಜನ ಸಿಟ್ಟಾದರು, ಸರ್ಕಾರಗಳು ಬದಲಾದವು, 2014ರ ಹೊತ್ತಿಗೆ ಏಳೂ ರಾಜ್ಯಗಳು ಅದನ್ನು ಕೈಬಿಟ್ಟವು. ಆದರೂ ಪದವೀಧರ ತಂದೆತಾಯಿಯ ಮಕ್ಕಳು ವಿಶ್ವವಿದ್ಯಾಲಯ ಸೇರುವ ಪ್ರಮಾಣಕ್ಕೂ ಉಳಿದವರ ಮಕ್ಕಳ ಪ್ರಮಾಣಕ್ಕೂ ಇಂದಿಗೂ ದೊಡ್ಡ ಅಂತರವಿದೆ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ಹತ್ತು ವರ್ಷದ ಹುಡುಗಿಯ ಪಾಲಿಗೆ ಅಂದೇ ಮುಚ್ಚಿದ ಬಾಗಿಲನ್ನು ಹತ್ತೊಂಬತ್ತರಲ್ಲಿ ಫೀಸು ಮನ್ನಾ ಮಾಡಿ ತೆರೆಯುವುದು ಕಷ್ಟ. ಸರ್ಕಾರದ ಬಳಿ ಇರುವುದು ಲೆಕ್ಕದ ದುಡ್ಡಾದರೆ ಅದು ಮೊದಲು ಹೋಗಬೇಕಾದದ್ದು ಶಾಲೆಗೆ.

ಇನ್ನು ಸೀಟಿನ ಲೆಕ್ಕ. ಪ್ರತಿ ವಿದ್ಯಾರ್ಥಿಯ ಖರ್ಚೂ ಸರ್ಕಾರದ ತಲೆಯ ಮೇಲೆ ಬಿದ್ದಾಗ ಎಷ್ಟು ವಿದ್ಯಾರ್ಥಿಗಳು ಎಂಬುದಕ್ಕೆ ಮಿತಿ ಹಾಕುವ ಆಸೆ ತಾನಾಗಿ ಹುಟ್ಟುತ್ತದೆ. ಸ್ಕಾಟ್ಲೆಂಡಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ಮೊದಲ ಪದವಿ ಉಚಿತ, ಅದಕ್ಕೆ ತಕ್ಕಂತೆ ಸರ್ಕಾರ ದುಡ್ಡು ಕೊಡುವ ಸೀಟುಗಳಿಗೂ ಮಿತಿ ಇದೆ. ಶ್ರೀಲಂಕಾದಲ್ಲಿ 1940ರ ದಶಕದಲ್ಲೇ ಶಿಕ್ಷಣ ಸಚಿವ ಕನ್ನಂಗರ ಅವರ ಕಾಲಕ್ಕೆ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಓದು ಉಚಿತವಾಯಿತು. ಆ ದೇಶದ ಹೆಮ್ಮೆಯ ಸಾಧನೆ ಅದು. ಆದರೆ ಅರ್ಹತೆ ಗಳಿಸಿದವರಲ್ಲಿ ದೊಡ್ಡ ಪಾಲಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜಾಗವೇ ಇರುವುದಿಲ್ಲ.

ಫೀಸಿನ ಮಾತಾಡುವಾಗ ಊಟ, ಬಾಡಿಗೆ, ಬಸ್ಸಿನ ಖರ್ಚನ್ನು ಮರೆಯುವವರೇ ಹೆಚ್ಚು. ಸ್ವೀಡನ್ನಿನಲ್ಲಿ ಬೋಧನೆಗೆ ಶುಲ್ಕವಿಲ್ಲ, ಆದರೂ ಬಹಳ ಮಂದಿ ಸಾಲ ಹೊತ್ತೇ ಹೊರಬರುತ್ತಾರೆ, ಯಾಕೆಂದರೆ ಓದುವಷ್ಟು ದಿನ ಬದುಕಲು ಸಾಲ ಬೇಕು. ಓದುವ ಮಗ ಅಷ್ಟು ವರ್ಷ ದುಡಿದು ತರಬಹುದಾಗಿದ್ದ ಸಂಬಳ ಬಡ ಮನೆಗೆ ಇದೆಲ್ಲಕ್ಕಿಂತ ದೊಡ್ಡ ನಷ್ಟ, ಅದಂತೂ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಉಳ್ಳವರ ಫೀಸು ಮನ್ನಾ ಮಾಡಲು ಬೇಕಾಗುವ ಹಣದಲ್ಲಿ ಇಲ್ಲದವರಿಗೆ ತಿಂಗಳ ಖರ್ಚು ಕೊಟ್ಟರೆ ಓದನ್ನು ಅರ್ಧಕ್ಕೆ ಬಿಡುವವರು ಕಡಿಮೆಯಾಗುತ್ತಾರೆ ಎಂಬುದು ನನ್ನ ಅಂದಾಜು.

ಹಾಗಾದರೆ ಬಡವರಿಗೆ ಮಾತ್ರ ಉಚಿತ ಎಂದರೆ ಸಾಲದೇ? ಕೇಳಲು ಸರಿಯಾಗಿದೆ, ಆದರೆ ಬಡವರು ಯಾರು ಎಂದು ತೀರ್ಮಾನಿಸುವುದು ಒಂದು ಅರ್ಜಿ, ನಾಲ್ಕು ದಾಖಲೆ, ಒಬ್ಬ ಗುಮಾಸ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತಿಂಗಳ ಸಂಬಳ ಇಲ್ಲದವರು ಆದಾಯ ತೋರಿಸುವುದೇ ಕಷ್ಟ, ಗೆರೆಯಿಂದ ಕೂದಲೆಳೆಯಷ್ಟು ಮೇಲಿದ್ದವರಿಗೆ ಏನೂ ಸಿಗುವುದಿಲ್ಲ. ಎಲ್ಲರಿಗೂ ಉಚಿತ ಮಾಡಿ, ಉಳ್ಳವರಿಂದ ತೆರಿಗೆಯಲ್ಲಿ ವಸೂಲಿ ಮಾಡಿ ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲಿ. ತೆರಿಗೆ ವ್ಯವಸ್ಥೆ ಗಟ್ಟಿಯಿರುವ, ಎಲ್ಲ ಶಾಲೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವ ಕಡೆ ನಾನೂ ಅದಕ್ಕೇ ಕೈಯೆತ್ತುತ್ತೇನೆ.

ಉಳಿದ ಕಡೆಗೆ ಆಸ್ಟ್ರೇಲಿಯಾ 1989ರಲ್ಲಿ ಹಿಡಿದ ನಡುದಾರಿ ಉತ್ತಮ. ಅಲ್ಲಿ ವಿಟ್ಲಮ್ ಸರ್ಕಾರ 1974ರಲ್ಲಿ ಫೀಸನ್ನು ಪೂರ್ತಿ ತೆಗೆದಿತ್ತು. ಹದಿನೈದು ವರ್ಷದ ನಂತರ ಶುಲ್ಕ ಮರಳಿ ಬಂತು, ಆಗ ವರ್ಷಕ್ಕೆ 1,800 ಆಸ್ಟ್ರೇಲಿಯನ್ ಡಾಲರ್. ಆದರೆ ಅದನ್ನು ಸೇರುವಾಗಲೇ ಕಟ್ಟಬೇಕಾಗಿರಲಿಲ್ಲ. ಓದು ಮುಗಿದು, ಸಂಪಾದನೆ ಒಂದು ಮಟ್ಟ ದಾಟಿದ ಮೇಲೆ ತೆರಿಗೆ ಇಲಾಖೆಯೇ ಸಂಬಳದ ಸಣ್ಣ ಪಾಲನ್ನು ಹಿಡಿದುಕೊಳ್ಳುತ್ತದೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಸೇರುವ ದಿನ ಯಾರ ಆದಾಯವನ್ನೂ ಅಳೆಯಬೇಕಾಗಿಲ್ಲ, ಯಾಕೆಂದರೆ ಇಲ್ಲಿ ನೋಡುವುದು ಅಪ್ಪನ ಹಿಂದಿನ ಸಂಪಾದನೆಯನ್ನಲ್ಲ, ಮಗಳ ಮುಂದಿನ ಸಂಪಾದನೆಯನ್ನು. ದುಡಿಮೆ ಇರಲಿ ಬಿಡಲಿ ಕಂತು ಕಟ್ಟು ಎನ್ನುವ ಬ್ಯಾಂಕ್ ಸಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಚಿಕ್ಕದಲ್ಲ.

ಈ ದಾರಿಯೂ ಕೆಡಬಹುದು, ಇಂಗ್ಲೆಂಡ್ ಕೆಡಿಸಿಕೊಂಡಿತು. 1998ರಲ್ಲಿ ವರ್ಷಕ್ಕೆ 1,000 ಪೌಂಡ್ ಇದ್ದ ಶುಲ್ಕದ ಗರಿಷ್ಠ ಮಿತಿ 2006ಕ್ಕೆ 3,000, 2012ಕ್ಕೆ 9,000 ಆಯಿತು. 2016ರಲ್ಲಿ ಬಡ ವಿದ್ಯಾರ್ಥಿಗಳ ಜೀವನವೆಚ್ಚದ ಸಹಾಯಧನವನ್ನೂ ತೆಗೆದು ಅದನ್ನು ಸಾಲವಾಗಿಸಿದರು. ಹೆಚ್ಚು ಬಡತನ ಇದ್ದವರ ತಲೆಯ ಮೇಲೇ ಹೆಚ್ಚು ಸಾಲ ಕೂತಿತು. ಶುಲ್ಕವನ್ನು ಆಮೇಲೆ ಕಟ್ಟಿದರಾಯಿತು ಎಂದಾಗ ಸರ್ಕಾರಕ್ಕೆ ಅದನ್ನು ಏರಿಸುವುದೂ ಸಲೀಸು. ಆಸ್ಟ್ರೇಲಿಯಾದಲ್ಲೂ ಬೆಲೆಯೇರಿಕೆಯ ಜೊತೆ ಸಾಲ ಬೆಳೆದು ಜನ ಗೊಣಗಿದ್ದರಿಂದ 2025ರಲ್ಲಿ ಬಾಕಿಯ ಶೇ 20ರಷ್ಟನ್ನು ಮನ್ನಾ ಮಾಡಬೇಕಾಯಿತು. ಆದ್ದರಿಂದ ಶುಲ್ಕಕ್ಕೆ ಮೇಲ್ಮಿತಿ, ಬಡ್ಡಿಗೆ ಕಡಿವಾಣ, ಇಷ್ಟು ವರ್ಷದ ನಂತರ ಉಳಿದ ಬಾಕಿ ರದ್ದು ಎಂಬ ಗಡುವು, ಈ ಮೂರೂ ಕಾನೂನಿನಲ್ಲೇ ಬರೆದಿರಬೇಕು. ಜೀವನವೆಚ್ಚಕ್ಕೆ ಕೊಡುವುದು ಸಹಾಯಧನವೇ ಆಗಿರಬೇಕು.

ಪೂರ್ತಿ ಉಚಿತದ ಗುರಿಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. 1966ರ ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆ ಕೂಡ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಸಿ ಎಂದು ನೇರವಾಗಿ ಹೇಳಿ, ಉನ್ನತ ಶಿಕ್ಷಣದ ಮಾತು ಬಂದಾಗ ಹಂತಹಂತವಾಗಿ ಉಚಿತವಾಗಿಸುವ ಬಗೆಯನ್ನು ಹೇಳುತ್ತದೆ. ಚಿಲಿ ಹಿಡಿದದ್ದು ಬಹುಮಟ್ಟಿಗೆ ಇದೇ ಕ್ರಮವನ್ನು. 2011ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 2016ರಲ್ಲಿ ಕೆಳಗಿನ ಶೇ 50ರಷ್ಟು ಮನೆಗಳ ಮಕ್ಕಳಿಗೆ, ಯೋಜನೆಗೆ ಸೇರಿದ ಸಂಸ್ಥೆಗಳಲ್ಲಿ ಓದು ಉಚಿತವಾಯಿತು. 2018ರಲ್ಲಿ ಅದನ್ನು ಶೇ 60ಕ್ಕೆ ಏರಿಸಿದರು. ಅದರ ಮೇಲಿನವರಿಗೆ ಯಾವಾಗ ಎಂಬುದನ್ನು ಮಂತ್ರಿಗಳ ಮರ್ಜಿಗೆ ಬಿಡದೆ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ: ದೇಶದ ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಸರ್ಕಾರದ ವರಮಾನ ಇಂತಿಷ್ಟು ಪಾಲು ಮುಟ್ಟಿದಾಗ ಮುಂದಿನ ಮೆಟ್ಟಿಲು.