ಮೊದಲು ಓಡಿಸಿದ ಸ್ನೋಮೊಬೈಲನ್ನ ಕೊನೆಗೆ ಇನ್ನೊಂದು ಸಲ ಓಡಿಸಿ

"ಎರಡೂ ಓಡಿಸಿ ನೋಡ್ದೆ, ಎರಡನೇದೇ ಚೆನ್ನಾಗಿದೆ." ಫೆಬ್ರವರಿ, ಮಾರ್ಚ್ ಬಂತು ಅಂದ್ರೆ ಹೊಸ ಸ್ನೋಮೊಬೈಲ್, ಅಂದ್ರೆ ಮುಂದೆ ಎರಡು ಸ್ಕೀ, ಹಿಂದೆ ರಬ್ಬರ್ ಪಟ್ಟಿಯ ಟ್ರ್ಯಾಕ್ ಇರೋ ಹಿಮದ ಗಾಡಿ, ಕೊಳ್ಳೋಕೆ ಹೊರಟೋರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿ ಹೋಗತ್ತೆ. ಹೇಳೋರು ಹೊಸಬರೇನಲ್ಲ, ಎಷ್ಟೋ ವರ್ಷದಿಂದ ಹಿಮದ ಮೇಲೆ ಗಾಡಿ ಓಡಿಸಿ ಪಳಗಿರೋರು. ನಾನು ತಿರುಗಿ ಕೇಳೋದು ಇಷ್ಟೇ, ಮೊದಲನೇದನ್ನ ಎಷ್ಟೊತ್ತಿಗೆ ಓಡಿಸಿದ್ರಿ? "ಬೆಳಿಗ್ಗೆ." ಎರಡನೇದು? "ಊಟ ಆದ್ಮೇಲೆ." ಮಧ್ಯೆ ಬಿಸಿಲು ಬಂತಾ? "ಚೆನ್ನಾಗೇ ಬಂತು." ಹಾಗಿದ್ರೆ ನೀವು ಹೋಲಿಸಿರೋದು ಬೆಳಗಿನ ಹಿಮಕ್ಕೂ ಮಧ್ಯಾಹ್ನದ ಹಿಮಕ್ಕೂ ಅಂತೀನಿ. ಕೆಲವರಿಗೆ ಬೇಜಾರಾಗತ್ತೆ. ಆದ್ರೂ ಹೇಳಲೇಬೇಕು, ಯಾಕಂದ್ರೆ ಇದು ಸಣ್ಣ ದುಡ್ಡಿನ ವಿಷಯ ಅಲ್ಲ.

ಅವರ ಅವಸರಕ್ಕೆ ಕಾರಣ ಇಲ್ಲ ಅಂತಲ್ಲ. ಮುಂದಿನ ವರ್ಷದ ಮಾಡೆಲ್‌ಗಳನ್ನ ಕಂಪನಿಗಳು ತೋರಿಸೋದೇ ಚಳಿಗಾಲ ಮುಗಿಯೋ ಹೊತ್ತಿಗೆ, ಅದರಲ್ಲೂ ಕೆಲವು ಟ್ರ್ಯಾಕು, ಕೆಲವು ಶಾಕು, ಕೆಲವು ಎಂಜಿನ್ನು ಬೇಕು ಅಂದ್ರೆ ಆಗಲೇ ಬುಕ್ ಮಾಡ್ಬೇಕು, ಆಮೇಲೆ ಶೋರೂಮಲ್ಲಿ ಸಿಗಲ್ಲ. ಪೊಲಾರಿಸ್ ಅನ್ನೋ ಕಂಪನಿಯವರ ಸ್ನೋಚೆಕ್ ಅಂದ್ರೆ ಇದೇ, ಉಳಿದವರದ್ದೂ ಇದೇ ಥರದ ಬುಕಿಂಗ್ ಇದೆ. ಹಾಗಾಗಿ ಜನ ಡೀಲರ್‌ಗಳು ಗಾಡಿ ಓಡಿಸಿ ನೋಡೋಕೆ ಕೊಡೋ ಡೆಮೋ ದಿನ ಹೋಗಿ ಒಂದೊಂದು ಗಾಡಿನ ಹತ್ತು ನಿಮಿಷ ಓಡಿಸಿ, ಕರಗ್ತಾ ಇರೋ ಹಿಮದ ಮೇಲೆ ಏನನ್ನಿಸ್ತೋ ಅದನ್ನೇ ನಂಬ್ಕೊಂಡು ಅಡ್ವಾನ್ಸ್ ಕೊಟ್ಟು ಬರ್ತಾರೆ. ಗಾಡಿ ಕೈಗೆ ಬರೋದು ಮುಂದಿನ ಚಳಿಗಾಲಕ್ಕೆ, ಒಣ ಹಿಮ ಬೀಳೋವಾಗ. ಆಗ ನನಗೆ ಫೋನು, "ಅವತ್ತು ಓಡಿಸಿದ ಹಾಗೆ ಇಲ್ವಲ್ಲ ಇದು" ಅಂತ.

ಹಿಮ ಒಂದೇ ದಿನದಲ್ಲಿ ಎಷ್ಟು ಬದಲಾಗತ್ತೆ ಅನ್ನೋದು ಅವರಿಗೂ ಗೊತ್ತು, ಹೋಲಿಸೋವಾಗ ಮಾತ್ರ ಮರೆತುಬಿಡ್ತಾರೆ. ರಾತ್ರಿ ಗ್ರೂಮರ್ ಅನ್ನೋ ಯಂತ್ರ ಓಡಾಡಿ ಟ್ರೇಲ್, ಅಂದ್ರೆ ಗಾಡಿ ಓಡೋ ಹಿಮದ ದಾರಿ, ಸಮ ಮಾಡಿರತ್ತೆ, ಚಳಿಗೆ ಅದು ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗಿರತ್ತೆ. ಆ ಗಟ್ಟಿ ನೆಲದಲ್ಲಿ ಸ್ಕೀ ಕೆಳಗಿನ ಕಾರ್ಬೈಡು ಅನ್ನೋ ಗಟ್ಟಿ ಲೋಹದ ಅಂಚು ಹಳೇ ಗೀರುಗಳನ್ನ ಹಿಡ್ಕೊಂಡು ಹ್ಯಾಂಡಲ್ ಆಕಡೆ ಈಕಡೆ ಎಳೀತಾ ಇರತ್ತೆ, ಸಸ್ಪೆನ್ಷನ್ ಏನೂ ಕೆಲಸ ಇಲ್ದೆ ಸುಮ್ನೆ ಇರತ್ತೆ. ಹತ್ತು ಹನ್ನೊಂದು ಗಂಟೆಗೆ ಮೇಲ್ಪದರ ಸ್ವಲ್ಪ ಮೆತ್ತಗಾದಾಗ ಅದೇ ಗಾಡಿ ತಿರುವಲ್ಲಿ ಹೇಳಿದ ಮಾತು ಕೇಳತ್ತೆ, ದಿನದಲ್ಲಿ ಅತ್ಯುತ್ತಮ ಹೊತ್ತು ಅದು. ಮಧ್ಯಾಹ್ನಕ್ಕೆ ನೂರಾರು ಗಾಡಿ ಓಡಾಡಿ ಟ್ರೇಲ್ ತುಂಬಾ ಗುಂಡಿ, ದಿಬ್ಬ, ತಿರುವುಗಳಲ್ಲಿ ಸಕ್ಕರೆ ಥರ ಉದುರು ಹಿಮ, ಅಲ್ಲಿ ಸ್ಕೀ ಹಿಡಿಯಲ್ಲ, ಮೂತಿ ಹೊರಗೇ ತಳ್ಕೊಂಡು ಹೋಗತ್ತೆ. ಇನ್ನೂ ಬಿಸಿಲೇರಿ ಹಿಮ ನೀರಾಡಿದ್ರೆ ಅದು ಸ್ಕೀಗೂ ಟ್ರ್ಯಾಕಿಗೂ ಅಂಟಿಕೊಂಡು ಎಂಜಿನ್ ಪವರನ್ನೇ ತಿಂದುಹಾಕತ್ತೆ. ಗಾಳಿದು ಬೇರೆ ಲೆಕ್ಕ, ಮೈನಸ್ 20 ಡಿಗ್ರಿ ಗಾಳಿ ಸೊನ್ನೆ ಡಿಗ್ರಿ ಗಾಳಿಗಿಂತ ಸುಮಾರು 8 ಪರ್ಸೆಂಟ್ ದಟ್ಟ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಸಾಧನ) ಇಲ್ದಿರೋ ಎಂಜಿನ್ ಕೊಡೋ ಪವರೂ ಹತ್ತಿರ ಹತ್ತಿರ ಅಷ್ಟೇ ಹೆಚ್ಚುಕಮ್ಮಿ ಆಗತ್ತೆ. ಒಂದೇ ವರ್ಗದ ಎರಡು ಹೊಸ ಮಾಡೆಲ್‌ಗಳ ನಡುವೆ ಇರೋ ವ್ಯತ್ಯಾಸ ಎಷ್ಟೋ ಸಲ ಇದಕ್ಕಿಂತ ಚಿಕ್ಕದು. ಅಳತೆ ಕೋಲೇ ಗಂಟೆಗೊಂದು ಉದ್ದ ಆಗ್ತಿದ್ರೆ ಬಟ್ಟೆ ಅಳೆದು ಏನು ಬಂತು?

ಅದಕ್ಕೇ ನಾನು ಪಟ್ಟು ಹಿಡಿದು ಹೇಳೋದು, ಮೊದಲನೇ ಗಾಡಿ ಓಡಿಸಿ, ಎರಡನೇದು ಓಡಿಸಿ, ತಕ್ಷಣ ಮತ್ತೆ ಮೊದಲನೇದಕ್ಕೆ ಬನ್ನಿ. ಅದೇ ದಾರಿ, ಅದೇ ತಿರುವು, ಮಧ್ಯೆ ಕಾಫಿ ಟೀ ಅಂತ ನಿಲ್ಲಬೇಡಿ. ಈ ಮೂರನೇ ಸುತ್ತೇ ನಿಜವಾದ ಪರೀಕ್ಷೆ. ಮೊದಲನೇ ಗಾಡಿ ಮೂರನೇ ಸುತ್ತಲ್ಲೂ ಮೊದಲಿನ ಥರಾನೇ ಅನ್ನಿಸ್ತು ಅಂದ್ರೆ ಹಿಮ ಬದಲಾಗಿಲ್ಲ, ನೀವೂ ಬದಲಾಗಿಲ್ಲ, ಎರಡನೇ ಗಾಡಿಲಿ ಕಂಡ ವ್ಯತ್ಯಾಸ ಆ ಗಾಡಿದೇ ಅಂತ ನಂಬಬಹುದು. ಮೊದಲನೇ ಗಾಡಿನೇ ಈಗ ಬೇರೆ ಥರ ಅನ್ನಿಸ್ತು, ಎರಡನೇದಕ್ಕೆ ಹತ್ತಿರ ಬಂತು ಅಂದ್ರೆ ನೀವು ಕಂಡ ವ್ಯತ್ಯಾಸದಲ್ಲಿ ಬಹುಪಾಲು ಹಿಮದ್ದು. ಇಷ್ಟು ಹೇಳಿದ್ರೂ ಹತ್ತರಲ್ಲಿ ಎಂಟು ಜನ "ಮೊದಲನೇದು ಆಗ್ಲೇ ಓಡಿಸಾಯ್ತಲ್ಲ, ಮತ್ತೆ ಯಾಕೆ" ಅಂತಾರೆ. ಆಗ್ಲೇ ಓಡಿಸಿದ್ದು ಬೇರೆ ಹಿಮದ ಮೇಲೆ, ಅದಕ್ಕೇ ಮತ್ತೆ. ಡೀಲರ್ ಒಂದೊಂದು ಗಾಡಿಗೆ ಹತ್ತೇ ನಿಮಿಷ ಕೊಟ್ರೆ ಐದೈದು ನಿಮಿಷ ಮಾಡ್ಕೊಳ್ಳಿ, ಆದ್ರೆ ವಾಪಸ್ ಬರೋದನ್ನ ಬಿಡಬೇಡಿ. ಮೂರು ಗಾಡಿ ನೋಡೋದಿದ್ರೂ ಅಷ್ಟೇ, ಒಂದನ್ನ ಆಧಾರ ಅಂತ ಇಟ್ಕೊಂಡು ಪ್ರತಿ ಸಲ ಅದಕ್ಕೇ ಬನ್ನಿ.

ವಾಪಸ್ ಬರಬೇಕು ಅನ್ನೋದಕ್ಕೆ ಇನ್ನೊಂದು ಕಾರಣ ನಿಮ್ಮ ಮೈ. ಮೊದಲನೇ ಗಾಡಿ ಹತ್ತಿದಾಗ ಕೈ ಮರಗಟ್ಟಿರತ್ತೆ, ಭುಜ ಬಿಗಿಯಾಗಿರತ್ತೆ, ಎರಡನೇದಕ್ಕೆ ಬರೋ ಹೊತ್ತಿಗೆ ಮೈ ಬಿಸಿಯಾಗಿ ದಾರಿನೂ ಪರಿಚಯ ಆಗಿರತ್ತೆ, ಅದಕ್ಕೇ "ಎರಡನೇದೇ ಚೆನ್ನಾಗಿದೆ" ಅನ್ನೋರು ಅಷ್ಟೊಂದು ಜನ. ಜೊತೆಗೆ ಕೂರೋ ಭಂಗಿ ಹೊಸದಾಗಿದ್ರೆ ಮೊದಲ ಅಭಿಪ್ರಾಯನ ಅಷ್ಟು ಬೇಗ ನಂಬಬಾರದು. 2003ರ ಮಾಡೆಲ್‌ಗೆ ಸ್ಕೀ-ಡೂ ಬ್ರ್ಯಾಂಡಿನವರು ರೆವ್ ಅನ್ನೋ ಚಾಸಿ, ಅಂದ್ರೆ ಗಾಡಿಯ ಮೂಲ ಚೌಕಟ್ಟು, ತಂದಾಗ ಸವಾರನ್ನ ಮುಂದಕ್ಕೆ, ಮೇಲಕ್ಕೆ ತಂದು ಕೂರಿಸಿದ್ರು. ಹಿಂದೆ ಕಾಲು ಚಾಚ್ಕೊಂಡು ಕೂತು ಅಭ್ಯಾಸ ಆದೋರಿಗೆ ಅದು ವಿಚಿತ್ರ ಅನ್ನಿಸೋದು ಸಹಜಾನೇ. ಆದ್ರೆ ಆಮೇಲೆ ಏನಾಯ್ತು, ಉಳಿದ ಕಂಪನಿಗಳೂ ಸವಾರನ್ನ ಮುಂದಕ್ಕೇ ತಂದ್ವು, ಇವತ್ತು ಹೊಸ ಗಾಡಿ ಅಂದ್ರೆ ಹಾಗೇ ಇರತ್ತೆ.

ಇನ್ನು ಸೆಟಪ್ಪು. ಡೆಮೋ ಗಾಡಿ ಅಂದ್ರೆ ನಿಮಗಿಂತ ಮೊದಲು ಹತ್ತಾರು ಜನ ಓಡಿಸಿರೋದು, ಯಾರೋ ತಮಗೆ ಬೇಕಾದ ಹಾಗೆ ತಿರುಗಿಸಿ ಬಿಟ್ಟು ಹೋಗಿರ್ತಾರೆ. ಒಂದು ಡೆಮೋ ದಿನ ಒಬ್ಬ ಹೆಂಗಸು ಬಂದಿದ್ರು, ಸಣ್ಣ ಮೈಕಟ್ಟು, ತುಂಬಾ ಒಳ್ಳೇ ಸವಾರರು, ಗುಂಡಿ ಬಿದ್ದ ಟ್ರೇಲಲ್ಲಿ ನಿಂತ್ಕೊಂಡು ಓಡಿಸೋ ರೀತಿ ನೋಡಿದ್ರೇ ಗೊತ್ತಾಗ್ತಿತ್ತು. 600 ಸಿಸಿದೊಂದು ಗಾಡಿ ಓಡಿಸಿ ಬಂದು ಹೆಲ್ಮೆಟ್ ತೆಗೆದು "ಇದು ಬೇಡ ಸಾರ್, ಸೊಂಟ ಮುರೀತು" ಅಂದ್ರು. ನಾನು ಬಗ್ಗಿ ಹಿಂದಿನ ಸಸ್ಪೆನ್ಷನ್ನಲ್ಲಿ ಭಾರ ಹೊರೋ ಟಾರ್ಶನ್ ಸ್ಪ್ರಿಂಗ್ ನೋಡ್ದೆ. ಅದರ ಕಾಲು ಕೂರೋ ಜಾಗದಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಕ್ಯಾಮ್ ಇರತ್ತಲ್ಲ, ಒಂದೊಂದು ಮುಖ ಒಂದೊಂದು ಎತ್ತರ, ಅದು ಎಲ್ಲಕ್ಕಿಂತ ಎತ್ತರದ ಮುಖದ ಮೇಲೆ ಕೂತಿತ್ತು, ಅಂದ್ರೆ ಸ್ಪ್ರಿಂಗ್ ಪೂರ್ತಿ ಬಿಗಿ. ಭಾರಿ ಆಸಾಮಿ ಒಬ್ಬರೋ, ಇಬ್ಬರು ಕೂತೋ ಹೋಗಿದ್ದಿರಬೇಕು. ಟೂಲ್ ಕಿಟ್ಟಿನ ಸ್ಪಾನರ್ ಹಾಕಿ ಎರಡೂ ಕಡೆ ಕೆಳಗಿನ ಮುಖಕ್ಕೆ ತಿರುಗಿಸಿ, ಶಾಕ್ ಮೇಲಿನ ಬಿಗಿ ಬದಲಾಯಿಸೋ ಕ್ಲಿಕ್ಕರ್ ಕೂಡ ಮೆತ್ತಗೆ ಮಾಡಿ, ಅವರನ್ನ ಕೂರಿಸಿ ಗಾಡಿ ಎಷ್ಟು ಕೆಳಗೆ ಇಳಿಯತ್ತೆ ನೋಡಿ ಕಳಿಸ್ದೆ. ವಾಪಸ್ ಬಂದಾಗ ಎಂಜಿನ್ ಆಫ್ ಮಾಡೋಕೆ ಮುಂಚೆನೇ "ಇದು ಅದೇ ಗಾಡಿನಾ?" ಅಂತ ಕೇಳಿದ್ರು. ಅದೇ ಗಾಡಿನೇ. ಅವರು ಮನೆಗೆ ಹೋಗಿ ನಾಲ್ಕು ಜನಕ್ಕೆ ಆ ಮಾಡೆಲ್ ಬೇಡ ಅಂತ ಹೇಳೋರಿದ್ರು, ಅದು ತಪ್ಪಿದ್ದು ಒಂದು ಸ್ಪಾನರಿಂದ. ಇವತ್ತಿಗೂ ಅವರು ಸಿಕ್ಕಾಗ ಮೊದಲು ಕ್ಯಾಮ್ ನೋಡ್ಕೊಂಡೇ ಗಾಡಿ ಹತ್ತೋದು, ನೋಡಿದ್ರೆ ಖುಷಿ ಆಗತ್ತೆ.

"ತಿರುಗಲ್ಲ" ಅನ್ನೋ ದೂರಿಗೂ ಇದೇ ಮಾತು. ಸ್ಕೀ ಕೆಳಗೆ ಕೈ ಹಾಕಿ ಕಾರ್ಬೈಡ್ ಮುಟ್ಟಿ ನೋಡಿ, ಅಂಚು ಚೂಪಾಗಿ ಕೈಗೆ ಸಿಗಬೇಕು, ಬೋಳಾಗಿ ಗುಂಡಗಿದ್ರೆ ಯಾವ ಚಾಸಿನೂ ತಿರುಗಲ್ಲ. ಅದು ಸರಿ ಇದ್ರೆ ಲಿಮಿಟರ್ ಸ್ಟ್ರಾಪ್, ಅಂದ್ರೆ ಟ್ರ್ಯಾಕ್ ಸಸ್ಪೆನ್ಷನ್ನಿನ ಮುಂಭಾಗ ಎಷ್ಟು ಕೆಳಗಿಳೀಬೇಕು ಅಂತ ಹಿಡಿದಿಡೋ ಪಟ್ಟಿ, ಎಷ್ಟನೇ ತೂತಲ್ಲಿದೆ ನೋಡಿ. ಅದನ್ನ ಗಿಡ್ಡ ಮಾಡಿದಷ್ಟೂ ಸ್ಕೀ ಮೇಲೆ ಭಾರ ಬೀಳತ್ತೆ, ತಿರುವಿಗೆ ಒಳ್ಳೇದು, ಹ್ಯಾಂಡಲ್ ಭಾರ ಆಗತ್ತೆ. ಟ್ರ್ಯಾಕ್ ಕೂಡ ನೋಡ್ಕೊಳ್ಳಿ, ಒಂದೇ ಮಾಡೆಲ್ ಹೆಸರಲ್ಲಿ 129 ಇಂಚು ಉದ್ದದ್ದೂ 137 ಇಂಚು ಉದ್ದದ್ದೂ ಸಿಗಬಹುದು, ಲಗ್ ಅಂದ್ರೆ ಟ್ರ್ಯಾಕ್ ಮೇಲಿನ ರಬ್ಬರ್ ಹಲ್ಲಿನ ಎತ್ತರ ಒಂದೂಕಾಲು ಇಂಚಿದ್ರೆ ಒಂದು ನಡತೆ, ಒಂದೂವರೆ ದಾಟಿದ್ರೆ ಇನ್ನೊಂದು. ಒಂದು ಕಂಪನಿಯ ಗಿಡ್ಡ ಟ್ರ್ಯಾಕನ್ನ ಇನ್ನೊಂದು ಕಂಪನಿಯ ಉದ್ದ ಟ್ರ್ಯಾಕಿಗೆ ಹೋಲಿಸಿ ಬ್ರ್ಯಾಂಡ್ ಬಗ್ಗೆ ಜಗಳ ಆಡೋರನ್ನ ದಿನಾ ನೋಡ್ತೀನಿ, ಅಲ್ಲಿ ಜಗಳ ಇರಬೇಕಾದ್ದು ಟ್ರ್ಯಾಕ್ ಬಗ್ಗೆ.

ಪಿಕಪ್ ಹೋಲಿಸೋದು ಇದ್ರೆ ಇಬ್ಬರು ಬೇಕು. ಅಕ್ಕಪಕ್ಕ ಗಂಟೆಗೆ 50 ಕಿಲೋಮೀಟರಲ್ಲಿ ಸಮ ಹೋಗ್ತಾ ಕೈಸನ್ನೆ ಮಾಡಿ ಒಟ್ಟಿಗೆ ಥ್ರಾಟಲ್ ಒತ್ತಬೇಕು. ಆಮೇಲೆ ಸವಾರರು ಗಾಡಿ ಬದಲಾಯಿಸ್ಕೊಂಡು ಮತ್ತೊಂದು ಸಲ, ಆಮೇಲೆ ಎಡ ಬಲ ಬದಲಾಯಿಸಿ ಇನ್ನೊಂದು ಸಲ, ಯಾಕಂದ್ರೆ ಒಂದು ಕಡೆ ಹಿಮ ತುಳಿದು ಗಟ್ಟಿಯಾಗಿದ್ರೆ ಆಕಡೆ ಇದ್ದ ಗಾಡಿ ಸುಮ್ನೆ ಗೆಲ್ಲತ್ತೆ. ಯಾರೇ ಕೂತ್ರೂ, ಯಾವ ಕಡೆ ಇದ್ರೂ ಒಂದೇ ಗಾಡಿ ಮುಂದೆ ಹೋದ್ರೆ ಮಾತ್ರ ನಾನು ಬರ್ಕೋತೀನಿ. ಡ್ಯಾಶ್‌ಬೋರ್ಡಿನ ಸ್ಪೀಡ್ ನೋಡಿ ಹೇಳೋದು ಬೇಡ, ಅದು ಲೆಕ್ಕ ಹಾಕೋದು ಟ್ರ್ಯಾಕ್ ತಿರುಗೋದನ್ನ, ಟ್ರ್ಯಾಕ್ ಜಾರ್ತಾ ಇದ್ರೂ ಅಂಕಿ ಮೇಲೇರ್ತಾ ಹೋಗತ್ತೆ. ಜಿಪಿಎಸ್ ಇಟ್ಕೊಳ್ಳಿ. ಅದಕ್ಕಿಂತ ಮುಖ್ಯ ಆರ್‌ಪಿಎಂ. ಕ್ಲಚ್ ಹೇಗೆ ಕೆಲಸ ಮಾಡತ್ತೆ ಅಂತ ಇಲ್ಲಿ ಹೇಳಕ್ಕೆ ಹೋಗಲ್ಲ, ಫುಲ್ ಥ್ರಾಟಲಲ್ಲಿ ಮುಳ್ಳು ಎಲ್ಲಿ ನಿಲ್ಲತ್ತೆ ನೋಡಿ ಸಾಕು. ಈಗಿನ 850 ಸಿಸಿ ಟೂ-ಸ್ಟ್ರೋಕ್ ಎಂಜಿನ್‌ಗಳು ಸಾಮಾನ್ಯವಾಗಿ 8,000ದ ಆಸುಪಾಸಲ್ಲಿ ನಿಲ್ಲಬೇಕು, ನಿಖರ ಅಂಕಿ ಆ ಮಾಡೆಲ್‌ನ ಕೈಪಿಡಿ ನೋಡಿ. ಅದಕ್ಕಿಂತ ಮುನ್ನೂರು ನಾನೂರು ಕಮ್ಮಿ ನಿಂತ್ರೆ ಎಂಜಿನ್ ಸೋತಿದೆ ಅನ್ನೋ ಮುಂಚೆ ಬೆಲ್ಟು ಹೊಸದಾ, ಕಾದಿದ್ಯಾ, ಕ್ಲಚ್ಚಿನ ತೂಕಗಳು ಈ ಎತ್ತರಕ್ಕೆ ಹಾಕಿರೋದಾ ಅಂತ ಕೇಳಿ. ಹೊಸ ಗಾಡಿ ಬ್ರೇಕ್-ಇನ್ನಲ್ಲಿ, ಅಂದ್ರೆ ಎಂಜಿನ್ ಪಳಗೋ ಮೊದಲ ಅವಧಿಯಲ್ಲಿ ಇದ್ರೂ ಕೆಲವು ಮಾಡೆಲ್‌ಗಳಲ್ಲಿ ಕಂಪ್ಯೂಟರ್ರು ಪವರನ್ನ ಸ್ವಲ್ಪ ಹಿಡಿದಿಡತ್ತೆ.

ಎತ್ತರ ಅಂದ್ರೆ ಸಮುದ್ರ ಮಟ್ಟದಿಂದ. ಟರ್ಬೊ ಇಲ್ದಿರೋ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು 3 ಪರ್ಸೆಂಟ್ ಪವರ್ ಕಳ್ಕೊಳತ್ತೆ. ಅಮೆರಿಕದ ಮೊಂಟಾನಾ ರಾಜ್ಯದ ವೆಸ್ಟ್ ಯೆಲ್ಲೋಸ್ಟೋನ್ ಊರೇ 2,000 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ಬೆಟ್ಟ ಇನ್ನೂ ಮೇಲೆ. ಅಲ್ಲಿ 165 ಹಾರ್ಸ್‌ಪವರಿನ ಗಾಡಿ 130ರ ಹತ್ತಿರಕ್ಕೆ ಇಳಿದಿರತ್ತೆ. ಸ್ಕೀ-ಡೂ 2020ರ ಮಾಡೆಲ್‌ಗೆ ತಂದ ಫ್ಯಾಕ್ಟರಿ ಟರ್ಬೊ ಟೂ-ಸ್ಟ್ರೋಕು ಆ 165ನ್ನ ಸುಮಾರು 2,400 ಮೀಟರ್ ತನಕ ಉಳಿಸ್ಕೊಳತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ ಆಗಿತ್ತು. ಬೆಟ್ಟದ ಮೇಲೆ ಎರಡನ್ನೂ ಓಡಿಸಿದೋನು "ಹೋಲಿಕೆನೇ ಇಲ್ಲ" ಅಂತ ಬರೀತಾನೆ, ಅದು ಅಲ್ಲಿಗೆ ನಿಜ. ಅದನ್ನ ಓದಿ ಮಿನೆಸೋಟದ ಸಪಾಟು ನೆಲದಲ್ಲಿ ಓಡಿಸೋರು ಅದೇ ಟರ್ಬೊ ಬೇಕು ಅಂತ ಕೂತ್ರೆ ನಾನೇನು ಹೇಳಲಿ, ಅವರ ಊರಲ್ಲಿ ಟರ್ಬೊ ಇಲ್ದಿರೋ 850ನೂ ಅಷ್ಟೇ ಪವರ್ ಕೊಡತ್ತೆ. ಆಮೇಲಿನ ಟರ್ಬೊಗಳು ಇನ್ನೂ ಜಾಸ್ತಿ ಕೊಡ್ತವೆ, ಆದ್ರೂ ಯಾವ ಎತ್ತರದಲ್ಲಿ ಪರೀಕ್ಷೆ ಮಾಡಿದ್ದು ಅಂತ ನೋಡದೆ ಯಾರ ಹೋಲಿಕೆನೂ ನಂಬಬೇಡಿ, ನನ್ನದನ್ನೂ ಸೇರಿಸಿ.

ತೂಕದ ಅಂಕಿನೂ ಹೀಗೇ, ಕಂಪನಿ ಹೇಳೋದು ಸಾಮಾನ್ಯವಾಗಿ ಒಣ ತೂಕ, ಪೆಟ್ರೋಲ್ ಗಿಟ್ರೋಲ್ ತುಂಬೋ ಮುಂಚಿನದು. 40 ಲೀಟರ್ ಪೆಟ್ರೋಲ್ ಅಂದ್ರೇನೇ 30 ಕಿಲೋ ಹತ್ತಿರ, ಒಂದರ ಟ್ಯಾಂಕ್ ತುಂಬಿ ಇನ್ನೊಂದರದ್ದು ಖಾಲಿ ಇದ್ರೆ ಹಗುರ ಯಾವುದು ಅನ್ನೋ ಚರ್ಚೆಗೆ ಅರ್ಥ ಇಲ್ಲ.

ಒಂದು ಎಚ್ಚರಿಕೆ. ಹೆಪ್ಪುಗಟ್ಟಿದ ಕೆರೆ ಮೇಲೆ ಟಾಪ್ ಸ್ಪೀಡ್ ನೋಡೋ ಆಸೆ ವಸಂತದಲ್ಲಿ ಬೇಡ, ಮೇಲೆ ಬಿಳಿ ಕಂಡ್ರೂ ಕೆಳಗೆ ಐಸ್ ಒಳಗೊಳಗೇ ಕರಗಿ ಟೊಳ್ಳಾಗಿರತ್ತೆ. ಅದೂ ಅಲ್ದೆ ಬರೀ ಐಸ್ ಮೇಲೆ ಹಿಮದ ಪುಡಿ ಎದ್ದು ಎಂಜಿನ್ ತಂಪು ಮಾಡೋ ಕೂಲರಿಗೆ ಬಡಿಯಲ್ಲ, ಎಂಜಿನ್ ಬಿಸಿಯೇರತ್ತೆ, ಟ್ರ್ಯಾಕ್ ಒಳಗಿನ ಪ್ಲಾಸ್ಟಿಕ್ ಸ್ಲೈಡೂ ಕಾದು ಸವೆಯತ್ತೆ. ಟೆದರ್ (ಸವಾರ ಬಿದ್ರೆ ಎಂಜಿನ್ ನಿಲ್ಲಿಸೋ ಸ್ವಿಚ್ಚು) ಇರೋ ಗಾಡಿಲಿ ಅದರ ಹಗ್ಗ ಕೋಟಿಗೆ ಸಿಕ್ಕಿಸಿಕೊಳ್ಳದೆ ಹತ್ತಬೇಡಿ, ಐದು ನಿಮಿಷದ ಸುತ್ತಾದ್ರೂ ಸರಿ.

ಮೂರನೇ ಸುತ್ತಿಗೆ ಡೀಲರ್ ಬಿಡ್ಲೇ ಇಲ್ಲ ಅಂದ್ರೆ? ಆಗಬಹುದು, ಹಿಂದೆ ಜನ ಕಾಯ್ತಾ ಇರ್ತಾರೆ. ಹಾಗಾದ್ರೆ ಪಿಕಪ್ಪು, ಸಸ್ಪೆನ್ಷನ್ನು, ತಿರುಗೋದು ಇದರ ಬಗ್ಗೆ ತೀರ್ಮಾನ ಮಾಡೋದನ್ನ ಬಿಟ್ಟು, ಹಿಮ ಹೇಗಿದ್ರೂ ಬದಲಾಗದೇ ಇರೋದನ್ನ ನೋಡಿ. ಹೆಲ್ಮೆಟ್ಟು, ಗಾಗಲ್ಲು, ದಪ್ಪ ಗ್ಲೌಸು ಎಲ್ಲ ಹಾಕ್ಕೊಂಡೇ ಕೂತು ನೋಡಿ. ನಿಂತಾಗ ಹ್ಯಾಂಡಲ್ ಬಗ್ಗದೆ ಸಿಗತ್ತಾ, ಕೂತಾಗ ಮೊಣಕಾಲು ಸೈಡ್ ಪ್ಯಾನೆಲಿಗೆ ತಾಗತ್ತಾ, ಬ್ರೇಕ್ ಲಿವರಿಗೆ ಬೆರಳು ತಲುಪತ್ತಾ, ಹೆಬ್ಬೆರಳು ನೋಯದೆ ಥ್ರಾಟಲ್ ಹಿಡಿದಿರಬಹುದಾ, ಗ್ಲೌಸಲ್ಲೇ ಹೀಟರ್ ಬಟನ್ ಒತ್ತಕ್ಕಾಗತ್ತಾ, ಬಿಸಿಲಲ್ಲಿ ಡಿಸ್‌ಪ್ಲೇ ಕಾಣತ್ತಾ. ಇಷ್ಟಕ್ಕೆ ಒಂದೇ ಸುತ್ತು ಧಾರಾಳ ಸಾಕು. ಉಳಿದದ್ದಕ್ಕೆ, ನಿಮ್ಮ ತೂಕದವರು, ನೀವು ಓಡಿಸೋ ಟ್ರೇಲಲ್ಲೇ ಅದೇ ಚಾಸಿ ಅದೇ ಟ್ರ್ಯಾಕ್ ಓಡಿಸ್ತಿರೋರು ಯಾರಾದ್ರೂ ಸಿಕ್ತಾರಾ ಅಂತ ಕೇಳಿ, ಜನವರಿಲಿ ಅವರ ಗಾಡಿ ಒಂದರ್ಧ ಗಂಟೆ ಕೊಡ್ತಾರಾ ಅಂತಲೂ ಸಂಕೋಚ ಇಲ್ದೆ ಕೇಳಿ, ಎಷ್ಟೋ ಜನ ಖುಷಿಯಿಂದಲೇ ಕೊಡ್ತಾರೆ.